ಐರ್ಲೆಂಡ್ ಟಿಪ್ಪಣಿ – 19: ಮೂವತ್ತೈದು ಸಾವಿರ ಜನರ ಕೌಂಟಿಯೂ ಅದರ ಫುಟ್‌ಬಾಲ್ ಹುಡುಗರೂ

ಕಳೆದ ಟಿಪ್ಪಣಿಯಲ್ಲಿ ಇಲ್ಲಿನ ಶಾಲೆಗಳ ಬಗ್ಗೆ ಬರೆದಾಗ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದಿರಿ. "ನಮ್ಮ ಮಕ್ಕಳನ್ನ ಈ ಗೇಲಿಕ್ ಫುಟ್‌ಬಾಲ್‌ಗೆ ಕಳಿಸು ಅಂತ ಶಾಲೆಯವರು ಹೇಳ್ತಾರೆ, ಇದೇನು ಆಟ, ಕಳಿಸಬೇಕಾ?" ಎಂದು. ಈಗಷ್ಟೇ ಬಂದಿರುವ ನರ್ಸ್ ತಂಗಿಯರು ಕೇಳಿದ್ದು, ಅದರಲ್ಲೂ ಚಿಕ್ಕ ಊರುಗಳಿಗೆ ಪೋಸ್ಟಿಂಗ್ ಆದವರು. ಕಳಿಸಿ ಎಂದು ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಈ ಆಟದ ಹಿಂದಿನ ಕಥೆ ಗೊತ್ತಿಲ್ಲದೆ ಹೋದರೆ ಇಲ್ಲಿನ ಜನ ಅರ್ಥವಾಗುವುದಿಲ್ಲ. ನನ್ನ ವಾರ್ಡಿನಲ್ಲಿ ಔಷಧಿ ಬೇಡ, ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗುವ ಅಜ್ಜಂದಿರು 1994 ಎಂಬ ಸಂಖ್ಯೆ ಕೇಳಿದರೆ ಎದ್ದು ಕೂರುತ್ತಾರೆ. ಏನಾಯಿತು ಆ ವರ್ಷ ಎಂದು ಹುಡುಕುತ್ತಾ ಹೋಗಿ ನಾನು ಓದಿದ್ದು, ಕೇಳಿದ್ದು ಇಲ್ಲಿದೆ. ಉದ್ದದ ಪೋಸ್ಟ್, ಟೀ ಮಾಡಿಕೊಂಡು ಕೂರಿ.

ಮೊದಲು ಆಟ. ಒಂದು ಕಡೆಗೆ 15 ಜನ. ಚೆಂಡು ವಾಲಿಬಾಲ್ ತರಹ ಕಾಣುತ್ತದೆ, ತೂಕ ಜಾಸ್ತಿ. ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಹೊತ್ತು ಓಡುವಂತಿಲ್ಲ. ನೆಲಕ್ಕೆ ಪುಟಿಸಬೇಕು ಅಥವಾ ಪಾದದ ತುದಿಗೆ ಬೀಳಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಈ ಎರಡನೆಯದಕ್ಕೆ ಸೋಲೋ ಅನ್ನುತ್ತಾರೆ. ಸತತ ಎರಡು ಸಲ ಪುಟಿಸುವಂತಿಲ್ಲ. ಗೋಲ್ ಕಂಬ ಇಂಗ್ಲಿಷಿನ ಎಚ್ ಅಕ್ಷರದ ಹಾಗಿರುತ್ತದೆ. ಅಡ್ಡಪಟ್ಟಿಯ ಮೇಲಿನಿಂದ ಹೋದರೆ 1 ಪಾಯಿಂಟ್, ಕೆಳಗೆ ಬಲೆಯೊಳಗೆ ಹೋದರೆ ಗೋಲ್, ಅದಕ್ಕೆ 3 ಪಾಯಿಂಟ್. 2025ರಿಂದ ದೂರದಿಂದ ಹೊಡೆದರೆ 2 ಪಾಯಿಂಟ್ ಎಂಬ ಹೊಸ ನಿಯಮವೂ ಬಂದಿದೆ. ಸ್ಕೋರ್ ಬರೆಯುವುದು 2-4 ಎಂಬಂತೆ. ಅಂದರೆ ಎರಡು ಗೋಲ್, ನಾಲ್ಕು ಪಾಯಿಂಟ್, ಒಟ್ಟು 10. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಪಕ್ಕದಲ್ಲಿ ಕುಳಿತವರು ಕಿರುಚುವುದರಿಂದ ಗೊತ್ತಾಗುತ್ತದೆ.

ಈ ಆಟವನ್ನು ನಡೆಸುವ ಸಂಸ್ಥೆಯ ಹೆಸರು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಜಿಎಎ. 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಊರಿನ ಒಂದು ಹೋಟೆಲಿನಲ್ಲಿ ಮೈಕಲ್ ಕ್ಯೂಸ್ಯಾಕ್, ಮಾರಿಸ್ ಡೇವಿನ್ ಮತ್ತು ಬೆರಳೆಣಿಕೆಯ ಕೆಲವರು ಸೇರಿ ಹುಟ್ಟುಹಾಕಿದ್ದು. ಆಗ ಐರ್ಲೆಂಡ್ ಬ್ರಿಟಿಷರ ಕೈಯಲ್ಲಿತ್ತು. ಕ್ರಿಕೆಟ್, ರಗ್ಬಿ ಆಡುವವರೇ ದೊಡ್ಡ ಮನುಷ್ಯರು ಅನ್ನುವ ಕಾಲ. ನಮ್ಮ ಆಟ ನಾವೇ ಆಡೋಣ ಎಂದು ಹೊರಟ ಈ ಸಂಘ ಕೆಲವೇ ವರ್ಷಗಳಲ್ಲಿ ಪ್ರತಿ ಪ್ಯಾರಿಷ್‌ಗೆ ತಲುಪಿತು. ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಹಳ್ಳಿಗಳು. ಅದೇ ಕ್ಲಬ್ಬಿನ ಗಡಿಯೂ ಆಯಿತು. ಅದರ ಮೇಲಿನದು ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ನನಗೆ ತಮಾಷೆ ಅನ್ನಿಸುವುದು ಇದು. ಕೌಂಟಿಗಳನ್ನು ಗೆರೆ ಎಳೆದು ಮಾಡಿದ್ದು ಇಂಗ್ಲಿಷ್ ಆಡಳಿತ, ತೆರಿಗೆ ಮತ್ತು ಕೋರ್ಟಿನ ಅನುಕೂಲಕ್ಕೆ. ಆ ಗೆರೆಗಳಿಗೆ ಜೀವ ಬಂದದ್ದು ಮಾತ್ರ ಬ್ರಿಟಿಷರನ್ನು ವಿರೋಧಿಸಿ ಹುಟ್ಟಿದ ಆಟದಿಂದ. ಇವತ್ತು 32 ಕೌಂಟಿಗಳಲ್ಲಿ ಯಾವುದಾದರೊಂದು ಬಣ್ಣದ ಜೆರ್ಸಿ ಇಲ್ಲದ ಮನೆ ಸಿಗುವುದು ಕಷ್ಟ.

ಇಲ್ಲಿ ಎರಡು ಕಟ್ಟಳೆಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅವುಗಳ ಮೇಲೆ ನಿಂತಿದೆ. ಒಂದು, ಯಾರಿಗೂ ಸಂಬಳ ಇಲ್ಲ. ಭಾನುವಾರ 80 ಸಾವಿರ ಜನರ ಮುಂದೆ ಆಡಿದವನು ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡುತ್ತಾನೆ, ಪೊಲೀಸ್ ಡ್ಯೂಟಿಗೆ ಹೋಗುತ್ತಾನೆ. ಎರಡು, ಆಟಗಾರರನ್ನು ಕೊಳ್ಳುವಂತಿಲ್ಲ. ಹುಟ್ಟಿದ, ಬೆಳೆದ ಅಥವಾ ಕ್ಲಬ್ ಇರುವ ಕೌಂಟಿಗೆ ಆಡಬೇಕು. ಐಪಿಎಲ್ ತರಹ ಹರಾಜು ಇಲ್ಲ. ಹಾಗಾಗಿ ಒಂದು ಕೌಂಟಿಗೆ ಒಳ್ಳೆಯ ಗೋಲ್‌ಕೀಪರ್ ಬೇಕೆಂದರೆ ಒಂದೇ ದಾರಿ. ಹತ್ತು ವರ್ಷ ಮೊದಲೇ ಒಬ್ಬ ಎಂಟು ವರ್ಷದ ಹುಡುಗನನ್ನು ಮೈದಾನಕ್ಕೆ ಕರೆತರಬೇಕು.

ಈಗ ಲೀಟ್ರಿಮ್‌ಗೆ ಬರೋಣ. ಐರ್ಲೆಂಡಿನ ವಾಯವ್ಯದಲ್ಲಿ, ಶಾನನ್ ನದಿಯ ದಡದಲ್ಲಿರುವ ಕೌಂಟಿ. ದೇಶದಲ್ಲೇ ಅತಿ ಕಡಿಮೆ ಜನಸಂಖ್ಯೆ. 2022ರ ಜನಗಣತಿಯ ಪ್ರಕಾರ 35,199. ಆ ಅಷ್ಟೂ ಜನರನ್ನು ಅಜ್ಜ, ಅಜ್ಜಿ, ಕೂಸುಗಳ ಸಮೇತ ಕರೆತಂದು ಕೂರಿಸಿದರೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಹೆಚ್ಚುಕಡಿಮೆ ತುಂಬುತ್ತದೆ, ಅಷ್ಟೆ. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಾದರೆ ಅರ್ಧವೂ ತುಂಬುವುದಿಲ್ಲ, ಅಲ್ಲಿ 82,300 ಜನ ಹಿಡಿಯುತ್ತಾರೆ. ಇದೇ ಚಾಂಪಿಯನ್‌ಶಿಪ್‌ನಲ್ಲಿ ಆಡುವ ಡಬ್ಲಿನ್ ಕೌಂಟಿಯ ಜನಸಂಖ್ಯೆ 14 ಲಕ್ಷ 58 ಸಾವಿರ. ಅಂದರೆ 41 ಲೀಟ್ರಿಮ್‌ಗಳು ಸೇರಿದರೆ ಒಂದು ಡಬ್ಲಿನ್. ಮೈದಾನದಲ್ಲಿ ಮಾತ್ರ ಇಬ್ಬರಿಗೂ 15 ಜನ.

ಲೀಟ್ರಿಮ್ ಮೊದಲಿನಿಂದ ಹೀಗಿರಲಿಲ್ಲ. 1841ರಲ್ಲಿ ಅಲ್ಲಿ 1,55,297 ಜನರಿದ್ದರು. ಆಮೇಲೆ ಆಲೂಗಡ್ಡೆ ರೋಗ, ಮಹಾ ಬರ. ಹತ್ತೇ ವರ್ಷದಲ್ಲಿ ಸಂಖ್ಯೆ 1,12,000ಕ್ಕೆ ಇಳಿಯಿತು. ಬರ ಮುಗಿದ ಮೇಲಾದರೂ ನಿಂತಿತೇ ಅಂದರೆ ಇಲ್ಲ. ಹಡಗು ಹತ್ತುವುದು ರೂಢಿಯಾಯಿತು. 1926ರಲ್ಲಿ 55,907, 1961ರಲ್ಲಿ 33,470, 1996ರಲ್ಲಿ 25,057. ನೂರೈವತ್ತೈದು ವರ್ಷ ಪ್ರತಿ ತಲೆಮಾರಿನಲ್ಲೂ ಹಿಂದಿನವರಿಗಿಂತ ಕಡಿಮೆ ಜನ ಉಳಿದ ಊರು ಅದು. ಒದ್ದೆ, ಜೇಡಿ ಮಣ್ಣು, ಸಣ್ಣ ಹಿಡುವಳಿ, ಕಾರ್ಖಾನೆ ಇಲ್ಲ. ಹಿರಿಮಗನಿಗೆ ಜಮೀನು, ಉಳಿದವರಿಗೆ ಇಂಗ್ಲೆಂಡ್ ಅಥವಾ ಅಮೆರಿಕ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಟು ಹೋಗುವವರ ವಯಸ್ಸು ಗಮನಿಸಿ. 18ರಿಂದ 25. ಫುಟ್‌ಬಾಲ್ ಆಡುವ ವಯಸ್ಸೂ ಅದೇ.

ಆದರೂ ಆಡಿದರು. ಲೀಟ್ರಿಮ್ ಇರುವುದು ಕಾನಕ್ಟ್ ಪ್ರಾಂತ್ಯದಲ್ಲಿ. ಅಲ್ಲಿ ಐದು ಕೌಂಟಿ: ಗಾಲ್ವೇ, ಮೇಯೋ, ರಾಸ್ಕಾಮನ್, ಸ್ಲೈಗೋ, ಲೀಟ್ರಿಮ್. ಗಾಲ್ವೇ, ಮೇಯೋ ಎರಡೂ ಫುಟ್‌ಬಾಲಿನ ಹಳೇ ಜಮೀನ್ದಾರರು, ಪ್ರಾಂತ್ಯದ ಕಪ್ ಹೆಚ್ಚಾಗಿ ಇವರಿಬ್ಬರ ನಡುವೆಯೇ ಓಡಾಡಿಕೊಂಡಿರುತ್ತದೆ. 1927ರಲ್ಲಿ ಟಾಮ್ ಗ್ಯಾನನ್ ನಾಯಕತ್ವದಲ್ಲಿ ಲೀಟ್ರಿಮ್ ಮೊದಲ ಬಾರಿಗೆ ಕಾನಕ್ಟ್ ಗೆದ್ದಿತು. ಅಖಿಲ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಕೆರ್ರಿ ಎಂಬ ದೈತ್ಯನೆದುರು ಎರಡೇ ಪಾಯಿಂಟ್ ಅಂತರದಲ್ಲಿ ಸೋತರು. ಇನ್ನೇನು ನಮ್ಮ ಕಾಲ ಬಂತು ಅಂದುಕೊಂಡಿರಬೇಕು. ಮುಂದಿನ ಕಪ್‌ಗೆ 67 ವರ್ಷ ಕಾಯಬೇಕಾಯಿತು.

ಆ 67 ವರ್ಷಗಳಲ್ಲಿ ಪ್ರತಿಭೆ ಇರಲಿಲ್ಲವೇ ಅಂದರೆ ಇತ್ತು. ಮೋಹಿಲ್ ಊರಿನ ಪ್ಯಾಕಿ ಮೆಗಾರ್ಟಿ ಹೆಸರನ್ನು ಇವತ್ತಿಗೂ ಹಿರಿಯರು ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ. 1949ರಲ್ಲಿ ಇನ್ನೂ ಹದಿಹರೆಯದಲ್ಲಿ ಕೌಂಟಿ ತಂಡ ಸೇರಿದವರು ಇಪ್ಪತ್ತು ವರ್ಷಕ್ಕೂ ಮೀರಿ ಆಡಿದರು. 1957ರಿಂದ 1960ರವರೆಗೆ ಲೀಟ್ರಿಮ್ ಸತತ ನಾಲ್ಕು ಬಾರಿ ಕಾನಕ್ಟ್ ಫೈನಲ್ ತಲುಪಿತು, ನಾಲ್ಕರಲ್ಲೂ ಗಾಲ್ವೇ ಎದುರು ಸೋತಿತು. ಒಂದು ಕಪ್ ಕೂಡ ಸಿಗಲಿಲ್ಲ. 1984ರಲ್ಲಿ ಜಿಎಎ ನೂರು ವರ್ಷ ತುಂಬಿದಾಗ ಅಖಿಲ ಐರ್ಲೆಂಡ್ ಪದಕ ಗೆಲ್ಲದ ಮಹಾನ್ ಆಟಗಾರರದೇ ಒಂದು ತಂಡ ಆರಿಸಿದರು, ಅದರಲ್ಲಿ ಮೆಗಾರ್ಟಿ ಇದ್ದರು. 2021ರಲ್ಲಿ ತೀರಿಕೊಂಡರು. ಆ ನಾಲ್ಕು ಫೈನಲ್‌ಗಳ ಕಾಲ ಯಾವುದು ನೋಡಿ. 1950ರ ದಶಕದಲ್ಲಿ ಐರ್ಲೆಂಡಿನಿಂದ ಸುಮಾರು 4 ಲಕ್ಷ ಜನ ಹೊರಹೋದರು. ಅಂಥ ಹೊತ್ತಿನಲ್ಲಿ ನಾಲ್ಕು ಸಲ ಫೈನಲ್ ಮುಟ್ಟಿದ್ದನ್ನು ಸೋಲು ಅನ್ನುವುದು ಹೇಗೆ ಎಂದು ನನಗೆ ಅನ್ನಿಸುತ್ತದೆ. ಆದರೆ ಇದನ್ನು ಲೀಟ್ರಿಮ್‌ನವರ ಮುಂದೆ ಹೇಳಬೇಡಿ, ಸಮಾಧಾನದ ಮಾತು ಅವರಿಗೆ ಹಿಡಿಸುವುದಿಲ್ಲ.

ಹಾಗಾದರೆ 1994 ಹೇಗೆ ಆಯಿತು? ಅದೃಷ್ಟ ಅನ್ನುವವರಿದ್ದಾರೆ, ಒಳ್ಳೆಯ ಮ್ಯಾನೇಜರ್ ಸಿಕ್ಕಿದ ಅನ್ನುವವರಿದ್ದಾರೆ. ನನಗೆ ಅನ್ನಿಸುವುದು ಅದು ಹುಡುಗರ ತಂಡಗಳಿಂದ ಮೇಲೆ ಬಂದ ಗೆಲುವು ಎಂದು. 1977ರಲ್ಲಿ ಲೀಟ್ರಿಮ್‌ನ 21 ವರ್ಷದೊಳಗಿನವರ ತಂಡ ಮೊದಲ ಬಾರಿಗೆ ಕಾನಕ್ಟ್ ಗೆದ್ದಿತ್ತು. ನಮ್ಮ ಹುಡುಗರೂ ಗಾಲ್ವೇ, ಮೇಯೋದವರನ್ನು ಸೋಲಿಸಬಲ್ಲರು ಎಂಬುದು ಅಲ್ಲಿಂದ ಶುರು. 1990ರಲ್ಲಿ ಪಿ.ಜೆ. ಕ್ಯಾರಲ್ ಮ್ಯಾನೇಜರ್ ಆಗಿದ್ದಾಗ ಹಿರಿಯರ ತಂಡ ಅಖಿಲ ಐರ್ಲೆಂಡ್ ಬಿ ಚಾಂಪಿಯನ್‌ಶಿಪ್ ಗೆದ್ದಿತು. ಅದೇ ವರ್ಷ ಮಿಕಿ ಕ್ವಿನ್‌ಗೆ ಆಲ್ ಸ್ಟಾರ್ ಪ್ರಶಸ್ತಿ ಬಂತು, ಲೀಟ್ರಿಮ್‌ಗೆ ಅದೇ ಮೊದಲನೆಯದು. 1991ರಲ್ಲಿ 21ರೊಳಗಿನವರು ಮತ್ತೆ ಕಾನಕ್ಟ್ ಗೆದ್ದರು. ಆ ತಂಡದ ಹಲವರು ಮೂರು ವರ್ಷದ ನಂತರ ಹಿರಿಯರ ತಂಡದಲ್ಲಿದ್ದರು. ಆಗ ಬಂದವರು ಜಾನ್ ಒ'ಮಹೋನಿ. ಪಕ್ಕದ ಮೇಯೋದವರು, ವೃತ್ತಿಯಲ್ಲಿ ಶಿಕ್ಷಕರು, 1989ರಲ್ಲಿ ಮೇಯೋವನ್ನು ಅಖಿಲ ಐರ್ಲೆಂಡ್ ಫೈನಲ್‌ಗೆ ಕೊಂಡೊಯ್ದಿದ್ದವರು. ಅವರು ಬರುವ ಹೊತ್ತಿಗೆ ಸಾಮಾನು ಕೌಂಟಿಯೊಳಗೇ ತಯಾರಾಗಿತ್ತು. ಅದನ್ನು ಜೋಡಿಸುವ ಕೈ ಬೇಕಿತ್ತು.

1994ರ ಬೇಸಿಗೆಯಲ್ಲಿ ರಾಸ್ಕಾಮನ್ ಎದುರು ಒಂದು ಪಾಯಿಂಟ್‌ನಿಂದ ಗೆದ್ದರು. ಗಾಲ್ವೇ ಜೊತೆ ಡ್ರಾ, ಮರುಪಂದ್ಯಕ್ಕೆ ಗಾಲ್ವೇಯವರ ಮನೆಯಂಗಳ ಟುವಮ್‌ಗೆ ಹೋಗಿ ಗೆದ್ದರು. ಜುಲೈ 24ರಂದು ರಾಸ್ಕಾಮನ್ ಊರಿನಲ್ಲಿ ಫೈನಲ್, ಎದುರಿಗೆ ಮೇಯೋ. ಆಟ ಶುರುವಾಗಿ ಕೆಲವೇ ಸೆಕೆಂಡು, ದೂರದಿಂದ ಬಂದ ಚೆಂಡು ಗೋಲಿಗೆ ಬಿತ್ತು. ಹಿಂದಿನ ಎಲ್ಲ ಸೋಲುಗಳೂ ಒಂದೇ ಸಲ ನೆನಪಾಗುವ ಕ್ಷಣ. ಹುಡುಗರು ಗಾಬರಿಯಾಗಲಿಲ್ಲ, ಒಂದೊಂದೇ ಪಾಯಿಂಟ್ ಕಲೆಹಾಕುತ್ತಾ ಹೋದರು. ಕೊನೆಗೆ ಲೀಟ್ರಿಮ್ 0-12, ಮೇಯೋ 2-4. ಲೆಕ್ಕ ಹಾಕಿ, ಹನ್ನೆರಡು, ಹತ್ತು. ಒಂದೂ ಗೋಲ್ ಹೊಡೆಯದೆ ಗೆದ್ದರು. ನಾಯಕ ಡೆಕ್ಲನ್ ಡಾರ್ಸಿ ಕಪ್ ಎತ್ತುವಾಗ ಪಕ್ಕದಲ್ಲಿ ಒಬ್ಬ ಮುದುಕರು ನಿಂತಿದ್ದರು. 1927ರ ನಾಯಕ ಟಾಮ್ ಗ್ಯಾನನ್. ಆ ಫೋಟೋ ಲೀಟ್ರಿಮ್‌ನ ಪಬ್‌ಗಳಲ್ಲಿ ಇನ್ನೂ ತೂಗುತ್ತದೆ.

ಅಖಿಲ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಡಬ್ಲಿನ್ ಎದುರು ದೊಡ್ಡ ಅಂತರದಲ್ಲಿ ಸೋತರು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನೂ ಹೆಚ್ಚು ಬರೆಯುವುದಿಲ್ಲ.

ಆದರೆ ಡೆಕ್ಲನ್ ಡಾರ್ಸಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಚಿಕ್ಕ ಕೌಂಟಿಯ ಇಡೀ ಪಾಡು ಅದರಲ್ಲಿದೆ. ಡಾರ್ಸಿ ಬೆಳೆದದ್ದು ಡಬ್ಲಿನ್‌ನಲ್ಲಿ. ಹೆತ್ತವರ ಊರು ಲೀಟ್ರಿಮ್, ಹಾಗಾಗಿ ಆಘವಿಲನ್ ಎಂಬ ಅಲ್ಲಿನ ಹಳ್ಳಿ ಕ್ಲಬ್ಬಿಗೆ ಆಡಿ ಕೌಂಟಿ ತಂಡಕ್ಕೆ ಬಂದರು. ಅಂದರೆ 67 ವರ್ಷದ ನಂತರ ಕಪ್ ಎತ್ತಿದ ನಾಯಕ ಊರು ಬಿಟ್ಟು ಹೋದವರ ಮಗ. ಹೊರಟುಹೋದ ರಕ್ತ ಒಂದು ತಲೆಮಾರು ಕಳೆದು ವಾಪಸ್ ಬಂತು. ಮತ್ತೆ ಕೆಲವೇ ವರ್ಷಗಳಲ್ಲಿ, ದಶಕದ ಕೊನೆಗೆ, ಡಾರ್ಸಿ ತಾನು ವಾಸವಿದ್ದ ಡಬ್ಲಿನ್‌ಗೇ ಆಡಲು ಹೋದರು. ಮುಂದೆ ಜಿಮ್ ಗೇವಿನ್ ಡಬ್ಲಿನ್ ಮ್ಯಾನೇಜರ್ ಆಗಿದ್ದಾಗ ಅವರ ಸಹಾಯಕ ಬಳಗದಲ್ಲಿದ್ದರು. ಆ ಡಬ್ಲಿನ್ 2015ರಿಂದ 2020ರವರೆಗೆ ಸತತ ಆರು ಬಾರಿ ಅಖಿಲ ಐರ್ಲೆಂಡ್ ಗೆದ್ದಿತು. ಜಾನ್ ಒ'ಮಹೋನಿ ಕೂಡ ಲೀಟ್ರಿಮ್ ಬಿಟ್ಟು ಗಾಲ್ವೇಗೆ ಹೋಗಿ 1998 ಮತ್ತು 2001ರಲ್ಲಿ ಅಖಿಲ ಐರ್ಲೆಂಡ್ ಗೆಲ್ಲಿಸಿದರು. ಯಾರನ್ನೂ ದೂರುವಂತಿಲ್ಲ. ಡಬ್ಲಿನ್‌ನಲ್ಲಿ ಕೆಲಸ ಮಾಡಿಕೊಂಡು ವಾರಕ್ಕೆ ಎರಡು ಮೂರು ಸಲ ಒಂದು ದಿಕ್ಕಿಗೇ ಎರಡು ತಾಸು ಕಾರು ಓಡಿಸಿ ತರಬೇತಿಗೆ ಹೋಗುವುದು, ಅದೂ ಸಂಬಳವಿಲ್ಲದೆ, ಎಷ್ಟು ವರ್ಷ ನಡೆದೀತು?

ಸರಿ, ಹುಡುಗರನ್ನು ಹೇಗೆ ಬೆಳೆಸುತ್ತಾರೆ? ಮೊದಲ ಮೆಟ್ಟಿಲು ಪ್ರಾಥಮಿಕ ಶಾಲೆ. ಕುಮನ್ ನ ಮನ್‌ಸ್ಕೋಲ್ ಎಂಬ ಶಿಕ್ಷಕರ ಸಂಘಟನೆ ಶಾಲೆಗಳ ನಡುವೆ ಪಂದ್ಯ ನಡೆಸುತ್ತದೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮೈದಾನದಲ್ಲಿ ನಿಲ್ಲುವ ಟೀಚರ್‌ಗೆ ಅದಕ್ಕೆಂದು ಸಂಬಳ ಬರುವುದಿಲ್ಲ. ಚಿಕ್ಕ ಕೌಂಟಿಯಲ್ಲಿ ಇಂಥ ಟೀಚರ್ ಒಬ್ಬರು ವರ್ಗವಾದರೆ ಹತ್ತು ವರ್ಷದ ನಂತರದ ಕೌಂಟಿ ತಂಡಕ್ಕೆ ಅದರ ಪೆಟ್ಟು ಬೀಳುತ್ತದೆ. ಎರಡನೆಯದು ಕ್ಲಬ್. 12 ವರ್ಷದವರೆಗೆ ಗೋ ಗೇಮ್ಸ್ ಎಂಬ ಪದ್ಧತಿ: ಚಿಕ್ಕ ಮೈದಾನ, ಕಡಿಮೆ ಜನರ ತಂಡ, ಬಂದ ಪ್ರತಿ ಮಗುವಿಗೂ ಪೂರ್ತಿ ಆಟ, ಕಪ್ ಫೈನಲ್ ಇಲ್ಲ. "ಗೆದ್ದವರು ಯಾರು ಅಂತಲೇ ಹೇಳಲ್ಲವಲ್ಲ, ಇದೆಂಥ ಆಟ?" ಎಂದು ನಮ್ಮವರೊಬ್ಬರು ನಕ್ಕಿದ್ದರು. ದೊಡ್ಡ ನಗರಗಳಲ್ಲಿ ಅದು ಮಕ್ಕಳ ಮನಸ್ಸಿನ ಪ್ರಶ್ನೆ ಇರಬಹುದು. ಲೀಟ್ರಿಮ್‌ನಲ್ಲಿ ಅದು ಗಣಿತ. ನನ್ನ ಅಂದಾಜಿನಲ್ಲಿ ಇಡೀ ಕೌಂಟಿಯಲ್ಲಿ ಒಂದು ವಯಸ್ಸಿನ ಗಂಡುಮಕ್ಕಳು ಹೆಚ್ಚೆಂದರೆ ಇನ್ನೂರೈವತ್ತರ ಆಸುಪಾಸು. ಅವರಲ್ಲಿ ಕೆಲವರಿಗೆ ಸಾಕರ್ ಇಷ್ಟ, ಕೆಲವರಿಗೆ ಆಟವೇ ಬೇಡ. ಒಂಬತ್ತನೇ ವಯಸ್ಸಿಗೆ ಕುಳ್ಳ, ನಿಧಾನ ಎಂದು ಯಾರನ್ನಾದರೂ ಬೆಂಚಿನಲ್ಲಿ ಕೂರಿಸಿ ಬೇಸರ ಮಾಡಿಸಿದರೆ ಹದಿನೇಳಕ್ಕೆ ಆರಡಿ ಬೆಳೆಯುವ ಆ ಹುಡುಗ ವಾಪಸ್ ಬರುವುದಿಲ್ಲ. ಡಬ್ಲಿನ್ ಅಂಥವರನ್ನು ಕಳೆದುಕೊಂಡು ಬದುಕಬಹುದು.

13, 14ಕ್ಕೆ ಫೇಲೆ ಬರುತ್ತದೆ, ಹುಡುಗರ ದೊಡ್ಡ ಹಬ್ಬ. ಫುಟ್‌ಬಾಲ್‌ನದು 1982ರಲ್ಲಿ ಶುರುವಾಯಿತು. ಬೇರೆ ಕೌಂಟಿಗೆ ಹೋದ ಹುಡುಗರು ಅಲ್ಲಿನ ಮನೆಗಳಲ್ಲಿ ಉಳಿದುಕೊಳ್ಳುವ ಪದ್ಧತಿ ಇತ್ತು. ಮನೆತನದ ಹೆಸರಿನಲ್ಲಿ ತಂಡ ಕಟ್ಟಿ ಊರಿಗೆ ಊರೇ ಸೇರುವ ನಮ್ಮ ಕೊಡಗಿನ ಹಾಕಿ ಹಬ್ಬವನ್ನು ನೋಡಿದವರಿಗೆ ಆ ಗದ್ದಲ ಅಪರಿಚಿತ ಅನ್ನಿಸಲಿಕ್ಕಿಲ್ಲ. ಅಲ್ಲಿಂದ ಕೌಂಟಿಯ ಡೆವಲಪ್‌ಮೆಂಟ್ ಸ್ಕ್ವಾಡ್. ಪ್ರತಿ ವಯಸ್ಸಿನಿಂದ ಒಳ್ಳೆಯವರನ್ನು ಆರಿಸಿ ಆನಡಫ್‌ನಲ್ಲಿರುವ ಕೌಂಟಿಯ ತರಬೇತಿ ಕೇಂದ್ರದಲ್ಲಿ ಪಳಗಿಸುತ್ತಾರೆ. ಮುಖ್ಯ ಮೈದಾನ ಕ್ಯಾರಿಕ್-ಆನ್-ಶಾನನ್‌ನಲ್ಲಿದೆ, ಹೆಸರು ಪಾರ್ಕ್ ಷಾನ್ ಮ್ಯಾಕ್ ಡಿಯರ್ಮಡ. 1916ರ ದಂಗೆಯ ಘೋಷಣೆಗೆ ಸಹಿ ಹಾಕಿ ಗುಂಡಿಗೆ ಬಲಿಯಾದ ಲೀಟ್ರಿಮ್‌ನ ಮಗ ಅವರು.

ಇಲ್ಲಿ ನರ್ಸ್ ಆಗಿ ಒಂದು ವಿಷಯ ಹೇಳಲೇಬೇಕು. ಚಿಕ್ಕ ಕೌಂಟಿಯಲ್ಲಿ ಚೆನ್ನಾಗಿ ಆಡುವ ಹುಡುಗನ ಮೈ ಒಂದೇ, ತಂಡಗಳು ಐದಾರು. ಶಾಲೆಯ ತಂಡ, ಕ್ಲಬ್ಬಿನಲ್ಲಿ ತನ್ನ ವಯಸ್ಸಿನದು, ಜನ ಸಾಲದೆ ಮೇಲಿನ ವಯಸ್ಸಿನದೂ ಕೂಡ, ಕೌಂಟಿ ಸ್ಕ್ವಾಡ್, ಜೊತೆಗೆ ಸಾಕರ್. ಎಲ್ಲ ಕೋಚ್‌ಗಳೂ ಒಳ್ಳೆಯವರೇ, ಎಲ್ಲರಿಗೂ ಅವನೇ ಬೇಕು. 12ರಿಂದ 14ರ ಬೆಳೆಯುವ ಕಾಲದಲ್ಲಿ ಮಂಡಿ ಚಿಪ್ಪಿನ ಕೆಳಗೆ ಗಂಟು ಎದ್ದು ನೋಯುತ್ತದೆ, ಆಸ್‌ಗುಡ್ ಶ್ಲಾಟರ್ ಅನ್ನುತ್ತಾರೆ. ಓಟ, ನೆಗೆತ ಜಾಸ್ತಿಯಾದಷ್ಟೂ ನೋವು ಜಾಸ್ತಿ. ಇದಕ್ಕೆ ಮೊದಲ ಔಷಧಿ ಆಟ ಕಡಿಮೆ ಮಾಡುವುದು, ಚಿಕ್ಕ ಊರಿನಲ್ಲಿ ಸಿಗದ ಔಷಧಿಯೂ ಅದೇ. ಇನ್ನು ಮಂಡಿಯ ಒಳಗಿನ ಎಸಿಎಲ್ ಹರಿದರೆ ಆಪರೇಷನ್, ಆಮೇಲೆ ಸುಮಾರು ಒಂಬತ್ತು ತಿಂಗಳು ಮನೆ. ದೊಡ್ಡ ಕೌಂಟಿಯಲ್ಲಿ ಬದಲಿ ಆಟಗಾರ ಸಿದ್ಧ. ಲೀಟ್ರಿಮ್‌ನಲ್ಲಿ ಒಂದು ಮಂಡಿ ಹೋದರೆ ಆ ವರ್ಷದ ಲೆಕ್ಕವೇ ಬದಲಾಗುತ್ತದೆ. ಜಿಎಎ 15 ಎಂಬ ವಾರ್ಮ್‌ಅಪ್ ಕ್ರಮವಿದೆ, ಆಟಕ್ಕೆ ಮೊದಲು ಹದಿನೈದು ನಿಮಿಷ ಮಾಡಿಸುತ್ತಾರೆ. ನಿಮ್ಮ ಮಕ್ಕಳ ಕೋಚ್ ಅದನ್ನು ಮಾಡಿಸುತ್ತಾರಾ ಎಂದು ಧಾರಾಳವಾಗಿ ಕೇಳಿ.

ವಯಸ್ಸಿನ ಕಟ್ಟಳೆಯೂ ಒಂದು ತಕರಾರು. 2018ರವರೆಗೆ ಮೈನರ್ ಅಂದರೆ 18ರೊಳಗೆ, ಅದರ ಮೇಲಿನದು 21ರೊಳಗೆ. ಆ ವರ್ಷ ಅವನ್ನು 17 ಮತ್ತು 20ಕ್ಕೆ ಇಳಿಸಿದರು. ಲೀವಿಂಗ್ ಸರ್ಟ್, ಅಂದರೆ ಇಲ್ಲಿನ ಪಿಯುಸಿ ಪರೀಕ್ಷೆಯ ವರ್ಷ ಹುಡುಗರ ಮೇಲೆ ಹೊರೆ ಬೀಳಬಾರದು ಎಂಬುದು ಕಾರಣ. ಉದ್ದೇಶ ಸರಿ. ಆದರೆ ಲೀಟ್ರಿಮ್‌ನಲ್ಲಿ ವಿಶ್ವವಿದ್ಯಾಲಯ ಇಲ್ಲ. 17ಕ್ಕೆ ಮೈನರ್ ಮುಗಿಸಿದವನು 18ಕ್ಕೆ ಗಾಲ್ವೇಗೋ ಡಬ್ಲಿನ್‌ಗೋ ಓದಲು ಹೊರಡುತ್ತಾನೆ. ಹಿಡಿದಿಟ್ಟುಕೊಳ್ಳಲು ಅತಿ ಬೇಕಾದ ವರ್ಷದಲ್ಲೇ ಅವನನ್ನು ಕರೆಯಲು ತಂಡವಿಲ್ಲ. ಪರೀಕ್ಷೆಯ ಹೊರೆ ಇಳಿಸಲು ಬೇರೆ ದಾರಿ ಹುಡುಕಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಮೈನರ್ ಮಟ್ಟದಲ್ಲಿ ಲೀಟ್ರಿಮ್ ಕಾನಕ್ಟ್ ಗೆದ್ದದ್ದು 1945 ಮತ್ತು 1998ರಲ್ಲಿ. 1998ರ ಹುಡುಗರು ದೊಡ್ಡವರಾದಾಗ ಇನ್ನೊಂದು 1994 ಆಗುತ್ತದೆ ಎಂದು ಎಲ್ಲರೂ ಕಾದರು, ಆಗಲಿಲ್ಲ. 2000ದಲ್ಲಿ ಹಿರಿಯರು ಕಾನಕ್ಟ್ ಫೈನಲ್ ತಲುಪಿ ಗಾಲ್ವೇಗೆ ಸೋತರು. ಹದಿನೇಳರಲ್ಲಿ ಕಪ್ ಗೆದ್ದ ಹುಡುಗರಲ್ಲಿ ಇಪ್ಪತ್ತೈದರಲ್ಲಿ ಎಷ್ಟು ಜನ ಕಾರಿನಲ್ಲಿ ಒಂದು ಗಂಟೆ ದೂರದೊಳಗೆ ಇರುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅದು ಕೋಚ್‌ನ ಕೈಯಲ್ಲಿಲ್ಲ. ಕೆಲಸ, ಬಾಡಿಗೆ ಮನೆ, ರಸ್ತೆ, ರೈಲು ಇವುಗಳ ಕೈಯಲ್ಲಿದೆ. ಮೇಲಿಂದ ಹಣದ ಪ್ರಶ್ನೆ. 2000ದ ದಶಕದಿಂದ ಡಬ್ಲಿನ್‌ಗೆ ಸಂಬಳದ ಕೋಚ್‌ಗಳಿಗಾಗಿ ವಿಶೇಷ ಅನುದಾನ ಹರಿಯಿತು. ಅಲ್ಲಿ ಮಕ್ಕಳ ಸಂಖ್ಯೆ ಹೆಚ್ಚು ಎಂಬ ಸಮರ್ಥನೆ. ಚಿಕ್ಕ ಕೌಂಟಿಗಳವರು ಕೇಳಿದ್ದು: ಸಂಖ್ಯೆ ಇದ್ದವನಿಗೇ ದುಡ್ಡೂ ಕೊಟ್ಟರೆ ಇಲ್ಲದವನಿಗೆ ಏನು? ಈ ಜಗಳ ಇನ್ನೂ ಮುಗಿದಿಲ್ಲ.

ಹೊರಟುಹೋದವರು ಎಲ್ಲಿಗೆ ಹೋದರು ಎಂಬುದಕ್ಕೂ ಮೈದಾನದಲ್ಲೇ ಉತ್ತರ ಸಿಕ್ಕಿತು. 1999ರಿಂದ ನ್ಯೂಯಾರ್ಕ್ ತಂಡ ಕೂಡ ಕಾನಕ್ಟ್ ಚಾಂಪಿಯನ್‌ಶಿಪ್‌ನಲ್ಲಿ ಆಡುತ್ತದೆ. ಪ್ರತಿ ವರ್ಷ ಒಂದು ಕೌಂಟಿ ವಿಮಾನ ಹತ್ತಿ ಬ್ರಾಂಕ್ಸ್‌ನ ಗೇಲಿಕ್ ಪಾರ್ಕ್‌ಗೆ ಹೋಗಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ನ್ಯೂಯಾರ್ಕ್ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. 2018ರಲ್ಲಿ ಲೀಟ್ರಿಮ್ ಹೆಚ್ಚುವರಿ ಸಮಯದಲ್ಲಿ ಒಂದೇ ಪಾಯಿಂಟ್‌ನಿಂದ ಬಚಾವಾಯಿತು. 2023ರ ಏಪ್ರಿಲ್‌ನಲ್ಲಿ ಮತ್ತೆ ಲೀಟ್ರಿಮ್‌ನ ಸರದಿ. ಪಂದ್ಯ ಸಮ, ಪೆನಾಲ್ಟಿಯಲ್ಲಿ ನ್ಯೂಯಾರ್ಕ್ ಗೆದ್ದಿತು, ಚರಿತ್ರೆಯಲ್ಲಿ ಮೊದಲ ಬಾರಿಗೆ. ಆ ತಂಡದಲ್ಲಿ ಐರ್ಲೆಂಡಿನಿಂದ ಕೆಲಸ ಹುಡುಕಿ ಹೋದವರಿದ್ದರು, ಅಮೆರಿಕದಲ್ಲೇ ಹುಟ್ಟಿದವರೂ ಇದ್ದರು. ನೂರೆಂಬತ್ತು ವರ್ಷದಿಂದ ಜನರನ್ನು ಕಳಿಸುತ್ತಲೇ ಇದ್ದ ಕೌಂಟಿಯನ್ನು ಹೊರಟವರ ಮಕ್ಕಳು ಸೋಲಿಸಿದರು. ಇದನ್ನು ಓದಿದ ದಿನ ನನಗೆ ನಗು ಬರಲಿಲ್ಲ.

ಅದಾದ ಮರುವರ್ಷ ಲೀಟ್ರಿಮ್ ಲೀಗ್‌ನ ನಾಲ್ಕನೇ ದರ್ಜೆಯಿಂದ ಮೂರಕ್ಕೆ ಏರಿತು. 2025ರಲ್ಲಿ ಗಾಯಾಳುಗಳು ಹೆಚ್ಚಾಗಿ ತಂಡ ಕಟ್ಟಲಾಗದೆ ಒಂದು ಲೀಗ್ ಪಂದ್ಯವನ್ನೇ ಬಿಟ್ಟುಕೊಡಬೇಕಾಯಿತು. ಏರುವುದು, ಜಾರುವುದು ಎರಡಕ್ಕೂ ಹನ್ನೆರಡು ತಿಂಗಳು ಸಾಕು, ಹಿಂದೆ ನಿಲ್ಲಲು ಜನ ಇಲ್ಲದಿದ್ದಾಗ.

ಆದರೆ ಜನಸಂಖ್ಯೆಯ ಅಂಕಿ ಮತ್ತೊಮ್ಮೆ ನೋಡಿ. 1996ರಲ್ಲಿ 25,057. 2022ರಲ್ಲಿ 35,199. ಇಪ್ಪತ್ತಾರು ವರ್ಷದಲ್ಲಿ ಹತ್ತು ಸಾವಿರ ಹೆಚ್ಚು. 1841ರ ನಂತರ ಕೌಂಟಿ ಮೊದಲ ಬಾರಿಗೆ ಬೆಳೆಯುತ್ತಿದೆ. ಬಂದವರಲ್ಲಿ ವಾಪಸ್ ಬಂದ ಐರಿಷರಿದ್ದಾರೆ, ಪೋಲೆಂಡಿನವರಿದ್ದಾರೆ, ಬ್ರೆಜಿಲಿನವರಿದ್ದಾರೆ, ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳ ನಮ್ಮವರಿದ್ದಾರೆ.

ಜ್ಯಾಕ್ ಮೊರಾಡಿ ಕಥೆ ಇಲ್ಲಿ ಹೇಳಬೇಕು. ಕುರ್ದ್ ಕುಟುಂಬ. 1991ರಲ್ಲಿ ಇರಾಕಿನ ರಮಾದಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು, 2002ರಲ್ಲಿ ಹನ್ನೊಂದನೇ ವಯಸ್ಸಿಗೆ ಕ್ಯಾರಿಕ್-ಆನ್-ಶಾನನ್‌ಗೆ ಬಂದಿಳಿದರು. ಇಂಗ್ಲಿಷ್ ಬರುತ್ತಿರಲಿಲ್ಲ. ಶಾಲೆಯ ಶಿಕ್ಷಕರೊಬ್ಬರು ಕೈಗೆ ಹರ್ಲಿಂಗ್ ಕೋಲು ಕೊಟ್ಟರು. ಹರ್ಲಿಂಗ್ ಫುಟ್‌ಬಾಲ್ ಅಲ್ಲ, ಕೋಲು ಚೆಂಡಿನ ಆಟ, ಆದರೆ ಅದೇ ಜಿಎಎ, ಅದೇ ಕೌಂಟಿ ಜೆರ್ಸಿ. ಮುಂದೆ ಕುಟುಂಬ ಡಬ್ಲಿನ್‌ಗೆ ಹೋಯಿತು, ಮೊರಾಡಿ ಮಾತ್ರ ಆಡಲು ಲೀಟ್ರಿಮ್‌ಗೆ ಬರುತ್ತಲೇ ಇದ್ದರು. 2019ರಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ಲೋರಿ ಮಾರ್ ಕಪ್ ಫೈನಲ್. ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯದಲ್ಲಿ ಲೀಟ್ರಿಮ್ ಲ್ಯಾಂಕಶೈರ್ ತಂಡವನ್ನು ಸೋಲಿಸಿತು, ಮೊರಾಡಿ ಆ ತಂಡದಲ್ಲಿದ್ದರು. ಡಬ್ಲಿನ್‌ನಲ್ಲಿ ಬೆಳೆದ ಲೀಟ್ರಿಮ್ ದಂಪತಿಯ ಮಗ 1994ರಲ್ಲಿ ಮಾಡಿದ್ದನ್ನೇ ರಮಾದಿಯಲ್ಲಿ ಹುಟ್ಟಿದ ಹುಡುಗ ಇನ್ನೊಂದು ದಿಕ್ಕಿನಿಂದ ಮಾಡಿದ ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ತಂಗಿಯರೇ, ಶಾಲೆಯವರು ನಿಮ್ಮ ಮಗುವನ್ನು ಮೈದಾನಕ್ಕೆ ಕಳಿಸಿ ಎಂದು ಕೇಳುವುದು ಬರೀ ಸೌಜನ್ಯಕ್ಕಲ್ಲ. ಅವರಿಗೆ ನಿಜವಾಗಿಯೂ ಬೇಕು. 12ರೊಳಗಿನ ತಂಡಕ್ಕೆ ಎರಡು ಮಕ್ಕಳು ಕಡಿಮೆ ಬಿದ್ದರೆ ಪಕ್ಕದ ಪ್ಯಾರಿಷ್ ಜೊತೆ ಸೇರಿಕೊಳ್ಳಬೇಕು, ಅದು ಅವರಿಗೆ ಎಷ್ಟು ನೋವಿನ ವಿಷಯ ಎಂದು ಇಷ್ಟು ಓದಿದ ನಿಮಗೆ ಗೊತ್ತಾಗಿರಬೇಕು. ಭಾನುವಾರದ ಚಳಿಯಲ್ಲಿ ಗೆರೆಯ ಪಕ್ಕ ನಿಂತ ಅಪ್ಪ ಅಮ್ಮಂದಿರ ನಡುವೆ ನೀವೂ ನಿಂತರೆ ಆರು ತಿಂಗಳಲ್ಲಿ ಊರಿನವರಾಗುತ್ತೀರಿ. ಆಟ ಅರ್ಥವಾಗದಿದ್ದರೂ ನಡೆಯುತ್ತದೆ. ಹುಡುಗಿಯರಿಗೂ ತಂಡವಿದೆ, ಮಹಿಳಾ ಗೇಲಿಕ್ ಫುಟ್‌ಬಾಲ್ ಸಂಘ 1974ರಿಂದಲೇ ಇದೆ. ಸೇರುವುದು ನೀವಿರುವ ಪ್ಯಾರಿಷ್‌ನ ಕ್ಲಬ್ಬಿಗೆ, ಆನ್‌ಲೈನ್ ನೋಂದಣಿ, ಮಕ್ಕಳಿಗೆ ಶುಲ್ಕ ದುಬಾರಿಯಲ್ಲ. ಸಹಾಯ ಮಾಡಲು ನೀವೇ ಮೈದಾನಕ್ಕಿಳಿಯುವುದಾದರೆ ಗಾರ್ಡಾ ವೆಟಿಂಗ್ ಮಾಡಿಸಬೇಕು. ನಾವು ನರ್ಸ್‌ಗಳು ಕೆಲಸಕ್ಕೆಂದು ಮಾಡಿಸಿದ್ದರೂ ಕ್ಲಬ್ಬಿಗೆ ಬೇರೆಯದೇ ಬೇಕು.

ಬೂಟು ಹಳೆಯದಾದರೂ ಪರವಾಗಿಲ್ಲ, ಕ್ಲಬ್ಬಿನಲ್ಲಿ ಯಾರಾದರೂ ಕೊಡುತ್ತಾರೆ. ಹಲ್ಲಿಗೆ ಹಾಕುವ ಗಮ್‌ಶೀಲ್ಡ್ ಮಾತ್ರ ಮರೆಯದೆ ಕೊಳ್ಳಿ. ಬಿಸಿ ನೀರಿನಲ್ಲಿ ಅದ್ದಿ, ಕಚ್ಚಿಸಿ ಅಚ್ಚು ತೆಗೆಯುವಂಥದ್ದು ಸಿಗುತ್ತದೆ. ಅದಿಲ್ಲದೆ ಆಡುವಂತಿಲ್ಲ.